ಸೀತಾಳೆ ದಂಡೆ: ಅಪ್ಪುಸಸ್ಯವೇ ಹೊರತು ಪರಾವಲಂಬಿಯಲ್ಲ

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಿಂದ ಪಶ್ಚಿಮಕ್ಕೆ ಹೊರಟರೆ ಕೊಡಗಿನ ಮಲೆಕಾಡು. ದಕ್ಷಿಣಕ್ಕೆ ಹುಣಸೂರು, ಎಚ್.ಡಿ. ಕೋಟೆಗಳಿಗೆ ಸೇರಿದ ನಾಗರಹೊಳೆ. ಪಶ್ಚಿಮ ಘಟ್ಟದ ಇಂಥ ಕಾಡುಗಳಲ್ಲಿ ಮುಂಗಾರಿನ ಹೊತ್ತಿಗೆ ಮರದ ಕೊಂಬೆಗಳಿಂದ ಬಿಳಿ–ನೇರಳೆ ಹೂಗೊಂಚಲಾಗಿ ಇಳಿಬೀಳುವ ಆರ್ಕಿಡ್ ಸೀತಾಳೆ ದಂಡೆ. ವೈಜ್ಞಾನಿಕ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ, ಕುಟುಂಬ ಆರ್ಕಿಡೇಸಿ.

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಹೆಚ್ಚು ಎಡವುವುದು ಅಪ್ಪುಸಸ್ಯ ಮತ್ತು ಪರಾವಲಂಬಿಯ ವ್ಯತ್ಯಾಸದಲ್ಲಿ. ಸೀತಾಳೆಯಂಥ ಅಪ್ಪುಸಸ್ಯಕ್ಕೆ ಮರ ಕೇವಲ ಆಸರೆ. ಅದು ಮರದ ರಸ ಹೀರುವುದಿಲ್ಲ. ಮಾವಿನ ಮರದಲ್ಲಿ ಕಾಣುವ ಬದನಿಕೆ ಹಾಗಲ್ಲ. ಅದು ಹೀರುಬೇರನ್ನು ಮರದೊಳಗೆ ಇಳಿಸಿ ನೀರು, ಲವಣ ಎಳೆದುಕೊಳ್ಳುವ ಅರೆಪರಾವಲಂಬಿ. ಸೀತಾಳೆಯ ಗಾಳಿಬೇರುಗಳ ಮೇಲೆ 'ವೆಲಾಮೆನ್' ಎಂಬ ಸ್ಪಂಜಿನಂಥ ಹೊದಿಕೆಯಿದ್ದು, ಮಳೆ, ಮಂಜಿನ ನೀರನ್ನು ಬೇಗ ಹೀರಿಕೊಳ್ಳುತ್ತದೆ. ಈ ಪದ ಮರೆಯಬೇಡಿ.

ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಅದರಲ್ಲಿ ಆಹಾರ ಸಂಗ್ರಹವಾದ ಭ್ರೂಣಪೋಷ ಇರುವುದಿಲ್ಲ, ಆದ್ದರಿಂದ ಕಾಡಿನಲ್ಲಿ ಮೊಳೆಯಲು ಶಿಲೀಂಧ್ರದ ನೆರವು ಬೇಕೇಬೇಕು. ಗಿಡ ಕಿತ್ತು ಮನೆಗೆ ತರುವುದು ತಪ್ಪು ಎನ್ನಲು ಇಷ್ಟು ಕಾರಣ ಸಾಕು: ಹೋದ ಗಿಡದ ಜಾಗಕ್ಕೆ ಇನ್ನೊಂದು ಸುಲಭವಾಗಿ ಬಾರದು.

ಸೀತಾಳೆ ದಂಡೆ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳ ರಾಜ್ಯಪುಷ್ಪ. ಅಸ್ಸಾಮಿನಲ್ಲಿ 'ಕೊಪೌ ಫೂಲ್' ಎನ್ನುತ್ತಾರೆ, ಬಿಹು ನರ್ತಕಿಯರು ಮುಡಿಯುತ್ತಾರೆ. ಸಿಕ್ಕಿಂನ ರಾಜ್ಯಪುಷ್ಪವೂ ಆರ್ಕಿಡ್ಡೇ, ಆದರೆ ಡೆಂಡ್ರೋಬಿಯಂ ನೋಬೈಲ್. ಹೊಂದಿಸಿ ಬರೆಯುವಾಗ ಎಚ್ಚರ. ರಾಷ್ಟ್ರೀಯ ಆರ್ಕಿಡ್ ಸಂಶೋಧನಾ ಕೇಂದ್ರ 1996ರಲ್ಲಿ ಸಿಕ್ಕಿಂನ ಪಾಕ್ಯೋಂಗ್‌ನಲ್ಲಿ ಆರಂಭವಾಯಿತು. ಆರ್ಕಿಡ್ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಬಹುಪಾಲು ಪ್ರಭೇದಗಳು ಅದರ 2ನೇ ಅನುಬಂಧದಲ್ಲಿವೆ.