ಸ್ಟುಡಿಯೋ ಕುರ್ಚಿಗೆ ಕಿವಿಯ ಪರೀಕ್ಷೆ

ಹಾಡಿನ ಮಿಕ್ಸಿಂಗ್ ಇರಲಿ, ಸಿನಿಮಾ ಡಬ್ಬಿಂಗ್ ಇರಲಿ, ಸೌಂಡ್ ಎಂಜಿನಿಯರ್ ಬೆಳಗ್ಗೆ ಕೂತರೆ ಏಳುವುದು ರಾತ್ರಿಗೇ. ಮೈಕು, ಸ್ಪೀಕರುಗಳ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವ ನಾವು, ಕುರ್ಚಿಯನ್ನು ಮಾತ್ರ ಕೊನೆಯಲ್ಲಿ ಉಳಿದ ದುಡ್ಡಿಗೆ ತರುತ್ತೇವೆ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ವರ್ಷಗಟ್ಟಲೆ ಕೂತು ನಾನು ಕಂಡುಕೊಂಡದ್ದಿಷ್ಟು: ಈ ಕುರ್ಚಿ ಬೆನ್ನಿಗೆ ಒಗ್ಗಿದರೆ ಸಾಲದು, ಕಿವಿಗೂ ಒಗ್ಗಬೇಕು.

ಅಂಗಡಿಯ ಗದ್ದಲದಲ್ಲಿ ಯಾವ ಕುರ್ಚಿಯ ಸದ್ದೂ ಕೇಳಿಸದು. ಹಾಡುವವರೂ ರೆಕಾರ್ಡ್ ಮಾಡುವವರೂ ಒಂದೇ ಕೋಣೆಯಲ್ಲಿರುವ ಮನೆ ಸ್ಟುಡಿಯೋಗೆ ಅದು ಬಂದಾಗ ಬಣ್ಣ ಬಯಲಾಗುತ್ತದೆ. ಗಾಯಕಿ ಪಲ್ಲವಿ ಮುಗಿಸಿ ಉಸಿರೆಳೆದುಕೊಳ್ಳುವ ಹೊತ್ತಿಗೇ ಒರಗುವ ಸ್ಪ್ರಿಂಗ್ ‘ಕಿರ್’ ಎನ್ನುತ್ತದೆ. ಕಂಡೆನ್ಸರ್ ಮೈಕ್ ಅದನ್ನು ಬಿಡುವುದಿಲ್ಲ. ಒಳ್ಳೆಯ ಟೇಕ್ ಕೈತಪ್ಪಿತು. ರೆಕ್ಸಿನ್ ಹೊದಿಕೆಯದು ಇನ್ನೊಂದು ಕಾಟ: ಬೆವರಿಗೆ ಅಂಟಿ, ಅಲುಗಾಡಿದಾಗಲೆಲ್ಲ ಪರಪರ ಎನ್ನುತ್ತದೆ. ಬಲೆಯ ಬೆನ್ನಿನ ಕುರ್ಚಿ ಇದಕ್ಕಿಂತ ವಾಸಿ. ಕೊಳ್ಳುವ ಮೊದಲು ಗದ್ದಲವಿಲ್ಲದ ಮೂಲೆಗೆ ಎಳೆದು, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಕುರ್ಚಿಯಲ್ಲಿ ಕೂತು, ಒರಗಿ, ತಿರುಗಿ, ಎದ್ದು ಬನ್ನಿ. ಆಮೇಲೆ ಹೆಡ್‌ಫೋನ್ ಹಾಕಿ ಕೇಳಿ.

ಎತ್ತರದ್ದು ಇನ್ನೂ ಸೂಕ್ಷ್ಮ. ಸ್ಪೀಕರಿನ ಟ್ವೀಟರ್ ನಮ್ಮ ಕಿವಿಯ ಮಟ್ಟಕ್ಕಿರಬೇಕು. ಗ್ಯಾಸ್ ಲಿಫ್ಟ್ ಸೋತ ಕುರ್ಚಿ ಗೊತ್ತಾಗದಂತೆ ಕೆಳಗಿಳಿಯುತ್ತದೆ. ಆಗ ತಾರಸ್ವರಗಳು ಮಂಕಾಗಿ ಕೇಳುತ್ತವೆ, ನಾವು ಟ್ರೆಬಲ್ ಏರಿಸುತ್ತೇವೆ. ಮರುದಿನ ಕಾರಿನಲ್ಲಿ ಕೇಳಿದರೆ ಹಾಡು ಕಿವಿ ಚುಚ್ಚುತ್ತದೆ. ತಲೆಯ ಹಿಂದಿನ ಎತ್ತರದ ದಿಂಬೂ ಶಬ್ದವನ್ನು ಕಿವಿಗೆ ಪ್ರತಿಫಲಿಸಬಹುದು. ಅದನ್ನು ಕಳಚಿಡುವುದೇ ಮೇಲು. ಕೈಯಾಸರೆಯೂ ಕಳಚುವಂತಿರಲಿ, ಗಿಟಾರ್ ಹಿಡಿದವರಿಗೆ ಅದು ಅಡ್ಡ.

ಅಳತೆಯನ್ನೂ ಮರೆಯಬೇಡಿ. ಬಿಲ್ ಸ್ಟಂಫ್, ಡಾನ್ ಚಾಡ್ವಿಕ್ ವಿನ್ಯಾಸ ಮಾಡಿ 1994ರಲ್ಲಿ ಬಂದ ಹರ್ಮನ್ ಮಿಲ್ಲರ್‌ನ ಏರಾನ್ ಕುರ್ಚಿಗೆ ಎ, ಬಿ, ಸಿ ಎಂದು ಮೂರು ಅಳತೆಗಳಿವೆ. ಅಷ್ಟು ದುಬಾರಿ ಕುರ್ಚಿಯೂ ಎಲ್ಲರಿಗೂ ಒಂದೇ ಅಳತೆಯಲ್ಲಿ ಹೊಂದದು ಎಂದಾಯಿತು. ಪಾದ ನೆಲಕ್ಕೂರಬೇಕು, ಮಂಡಿಯ ಹಿಂದೆ ಎರಡು ಮೂರು ಬೆರಳಿನಷ್ಟು ಜಾಗ ಉಳಿಯಬೇಕು. ಸೆಕೆಂಡ್ ಹ್ಯಾಂಡ್ ಕುರ್ಚಿಯಾದರೆ ಹತ್ತು ನಿಮಿಷ ಕೂತು, ಇಳಿಯುತ್ತದೆಯೇ ನೋಡಿ.

ವೀಣೆ, ತಬಲಾದವರಿಗೆ ಕುರ್ಚಿಯ ಗೊಡವೆಯೇ ಬೇಡ. ಗಟ್ಟಿ ವೇದಿಕೆ, ಮೇಲೊಂದು ಜಮಖಾನ ಸಾಕು.

ಎಷ್ಟೇ ದುಡ್ಡು ಸುರಿದರೂ ದಿನವಿಡೀ ಕೂರಲು ಹೇಳಿ ಮಾಡಿಸಿದ ಕುರ್ಚಿ ಇಲ್ಲ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ಸೊಂಟಕ್ಕೂ ಒಳ್ಳೆಯದು, ದಣಿದ ಕಿವಿಗೂ ಒಳ್ಳೆಯದು.