ಕಚ್ಚಿ ಕೂತ ಲಾಕ್ ಬೋಲ್ಟು: ಘಟ್ಟದ ಮೇಲೆ ಕಲಿತ ಪಾಠಗಳು

ಕುಮಟಾದಿಂದ ದೊಡ್ಮನೆ ಘಟ್ಟ ಹತ್ತಿ ಸಿದ್ದಾಪುರಕ್ಕೆ ಬರುವ ದಾರಿಯಲ್ಲಿ ಟೈರಿನ ಗಾಳಿ ಹೋದರೆ ಸ್ಟೆಪ್ನಿ ಬದಲಿಸುವುದು ಕಾಲು ಗಂಟೆಯ ಕೆಲಸ. ನಾಲ್ಕು ಬೋಲ್ಟು ಬಂದು ಐದನೆಯದು ಕಚ್ಚಿ ಕೂತರೆ ಅರ್ಧ ದಿನ ಹೋಯಿತೆಂದೇ ಲೆಕ್ಕ. ಸಿಗ್ನಲ್ ಸಿಗುವ ತಿರುವಿನವರೆಗೆ ನಡೆದು ಹೋಗಿ, “ಎಷ್ಟು ಒತ್ತಿರೂ ತಿರಗ್ತಿಲ್ಲೆ” ಎಂದು ನಮ್ಮ ಗ್ಯಾರೇಜಿಗೆ ಫೋನು ಮಾಡುತ್ತಾರೆ. ಆ ಐದನೆಯದು ಹೆಚ್ಚಾಗಿ ಲಾಕ್ ಬೋಲ್ಟೇ ಆಗಿರುತ್ತದೆ. ಅಲಾಯ್ ಚಕ್ರ ಕಳುವಾಗದಿರಲೆಂದು ಚಕ್ರಕ್ಕೊಂದರಂತೆ ಹಾಕುವ ಬೋಲ್ಟು ಅದು. ತಲೆ ಆರು ಮೂಲೆಯದಲ್ಲ, ಅಂಕುಡೊಂಕಾದ ಕೊರೆತದ್ದು. ಅದಕ್ಕೆ ಹೊಂದುವ ಸಣ್ಣ ಕೀಲಿ ಇಲ್ಲದೆ ಯಾವ ಪಾನಕ್ಕೂ ಹಿಡಿತ ಸಿಗುವುದಿಲ್ಲ.

ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಬೋಲ್ಟು ನೇರ ಹಬ್ಬಿನೊಳಗೆ ತಿರುಗುತ್ತದೆ. ಮಾರುತಿ, ಹ್ಯುಂಡೈ, ಟೊಯೊಟಾಗಳಲ್ಲಿ ಹಬ್ಬಿನಿಂದ ಸ್ಟಡ್ ಹೊರಬಂದಿದ್ದು ಅದರ ಮೇಲೆ ನಟ್ಟು ಕೂರುತ್ತದೆ. ಈ ವ್ಯತ್ಯಾಸ ಮೊದಲೇ ಗೊತ್ತಿರಬೇಕು. ಸ್ಟಡ್ ಮುರಿದರೆ ಒತ್ತಿ ತೆಗೆದು ಹೊಸದು ಕೂರಿಸಬಹುದು, ಅಲ್ಪ ಖರ್ಚು. ಬೋಲ್ಟಿನ ಕಾರಿನಲ್ಲಿ ಹಬ್ಬಿನ ಒಳಮರೆ (ಥ್ರೆಡ್) ಹಾಳಾದರೆ ಹಬ್ಬನ್ನೇ ಬದಲಿಸಬೇಕಾದೀತು. ಬಲ ಹಾಕುವ ಮೊದಲು ಇದನ್ನು ಯೋಚಿಸಬೇಕು.

1. ಸುತ್ತಿಗೆ ಹುಡುಕುವ ಮೊದಲು ಕೀಲಿ ಹುಡುಕಿ.

ಕೀಲಿ ಕಳೆದಿದೆ ಎಂದು ಬರುವ ಕಾರುಗಳಲ್ಲಿ ಅದು ಬಹಳ ಸಲ ಕಾರಿನಲ್ಲೇ ಇರುತ್ತದೆ. ಸ್ಟೆಪ್ನಿಯ ಕೆಳಗಿನ ಥರ್ಮಾಕೋಲ್ ತಟ್ಟೆಯ ಗುಳಿ, ಜಾಕಿನ ಚೀಲ, ಡ್ಯಾಶ್‌ಬೋರ್ಡಿನ ಪೆಟ್ಟಿಗೆ, ಮುಂದಿನ ಸೀಟಿನ ಅಡಿ, ಬಾಗಿಲಿನ ಜೇಬು ಎಲ್ಲವನ್ನೂ ನೋಡಿ. ಬೆಂಗಳೂರು, ಹುಬ್ಬಳ್ಳಿಯಿಂದ ಸೆಕೆಂಡ್‌ಹ್ಯಾಂಡ್ ಕಾರು ತಂದವರಿಗೆ ಇಂಥದೊಂದು ಇದೆ ಎಂಬುದೇ ತಿಳಿದಿರುವುದಿಲ್ಲ. ಕಾರಿನಲ್ಲಿ ಸಿಗದಿದ್ದರೆ ಕಳೆದ ಸಲ ಅಲೈನ್‌ಮೆಂಟ್ ಮಾಡಿಸಿದ ಅಂಗಡಿಗೆ ಫೋನು ಮಾಡಿ. ಬೋಲ್ಟು ತಿರುಗಿಸುವ ಏರ್ ಗನ್ನಿನ ಸಾಕೆಟ್ಟಿನೊಳಗೇ ಸಿಕ್ಕಿಕೊಂಡು ಅಲ್ಲೇ ಉಳಿದುಬಿಡುವುದು ಈ ಕೀಲಿಗಳ ಹಣೆಬರಹ.

ಕೀಲಿಯ ಮೇಲೆ ಸಂಖ್ಯೆಯನ್ನೋ ಅಕ್ಷರವನ್ನೋ ಕೆತ್ತಿರುತ್ತಾರೆ. ಇವತ್ತೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಕಳೆದುಹೋದಾಗ ಆ ಸಂಖ್ಯೆ ಹೇಳಿ ಬೇರೆ ತರಿಸಬಹುದು. ಸಂಖ್ಯೆ ಇಲ್ಲದಿದ್ದರೆ ಹುಬ್ಬಳ್ಳಿಯ ಷೋರೂಮಿನವರೆಗೆ ಕಾರನ್ನೇ ಒಯ್ಯಬೇಕು, ಅಲ್ಲಿ ಒಂದೊಂದೇ ಕೀಲಿ ಹಾಕಿ ನೋಡಬೇಕು.

2. ಬೋಲ್ಟು ಕಚ್ಚುವುದು ಬಿಚ್ಚುವ ದಿನವಲ್ಲ, ಹಾಕುವ ದಿನ.

ಪೋಲೋ, ರ‍್ಯಾಪಿಡ್‌ಗಳ ಬೋಲ್ಟಿಗೆ ಕಂಪನಿ ಹೇಳುವ ಬಿಗಿತ 120 ನ್ಯೂಟನ್ ಮೀಟರ್. ಇನ್ನೋವಾದ ನಟ್ಟಿಗೆ 103. ಕೆಲವು ಸಣ್ಣ ಕಾರುಗಳಿಗೆ ಇನ್ನೂ ಕಡಿಮೆ. 30 ಸೆಂಟಿಮೀಟರ್ ಉದ್ದದ ಪಾನದ ತುದಿಗೆ 40 ಕೆಜಿ ಭಾರ ಬಿಟ್ಟರೆ 118 ನ್ಯೂಟನ್ ಮೀಟರ್ ಆಗುತ್ತದೆ. ಅಂದರೆ ಸಾಧಾರಣ ಮೈಕಟ್ಟಿನವರು ಕಾರಿನ ಜೊತೆ ಬಂದ ಪಾನದಿಂದಲೇ ಬಿಚ್ಚಬಹುದಾದಷ್ಟು ಬಿಗಿತ ಇದು. ಟೈರು ಅಂಗಡಿಯ ಏರ್ ಗನ್ ಇದರ ಮೂರು ನಾಲ್ಕು ಪಟ್ಟು ಬಲ ಹಾಕಬಲ್ಲದು. ಗಡಿಬಿಡಿಯಲ್ಲಿ ಗನ್ನಿನ ಗುಂಡಿ ಬಿಡದೆ ಒತ್ತಿ ಹಿಡಿದರೆ ಬೋಲ್ಟಿನ ತಲೆ ಅಲಾಯ್‌ನ ಗುಳಿಯೊಳಗೆ ಉಜ್ಜಿ ಇಳಿಯುತ್ತದೆ. ಅದರ ಮೇಲೆ ನಮ್ಮ ಮಳೆಗಾಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾರುಗಳು ಜೂನಿನಿಂದ ಸೆಪ್ಟೆಂಬರಿನವರೆಗೆ ನೀರು, ಕೆಮ್ಮಣ್ಣಿನಲ್ಲೇ ಓಡಬೇಕು. ಲಾಕ್ ಬೋಲ್ಟಿನ ಕೊರೆತಕ್ಕೆ ಪ್ಲಾಸ್ಟಿಕ್ ಮುಚ್ಚಳ ಇಲ್ಲದಿದ್ದರೆ ರಾಡಿ ತುಂಬಿ, ಬೇಸಿಗೆಯಲ್ಲಿ ಒಣಗಿ ಸಿಮೆಂಟಿನಷ್ಟು ಗಟ್ಟಿಯಾಗುತ್ತದೆ.

3. ಘಟ್ಟದ ಇಳಿಜಾರಿನಲ್ಲಿ ಹಠ ಮಾಡಬೇಡಿ.

ಜೀವದ ಪ್ರಶ್ನೆಯಾದ್ದರಿಂದ ಇದರಲ್ಲಿ ರಾಜಿ ಇಲ್ಲ. ದೊಡ್ಮನೆ, ದೇವಿಮನೆ, ಅರಬೈಲು, ಯಾವ ಘಟ್ಟವೇ ಇರಲಿ, ಕಚ್ಚಿದ ಬೋಲ್ಟಿನ ಮೇಲೆ ಮೈಭಾರ ಹಾಕಿದಾಗ ಕಾರು ಅಲುಗುತ್ತದೆ. ಗಾಳಿ ಇಳಿದ ಟೈರಿನಲ್ಲೇ ಹೊರಳುತ್ತಾ ಸಮತಟ್ಟು ಜಾಗಕ್ಕೆ ಬಂದರೆ ಟೈರು ಹಾಳಾಗಬಹುದು, ಆಗಲಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಎದುರು ಬದಿಯ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ. ಬೋಲ್ಟು ಸಡಿಲಿಸುವುದು ಚಕ್ರ ನೆಲದ ಮೇಲಿರುವಾಗಲೇ. ಜಾಕಿನ ಮೇಲಿರುವ ಕಾರಿಗೆ ಪೈಪು ಹಾಕಿ ಜಗ್ಗಬಾರದು. ಮಳೆಗಾಲದಲ್ಲಿ ರಸ್ತೆ ಬದಿಯ ಮಣ್ಣಿನಲ್ಲಿ ಜಾಕು ಹುಗಿಯುತ್ತದೆ, ಅಡಿಗೆ ಹಲಗೆಯ ತುಂಡು ಬೇಕು. ಡಿಕ್ಕಿಯಲ್ಲಿ ಒಂದು ಹಲಗೆ ಯಾವಾಗಲೂ ಇರಲಿ.

4. ಕೀಲಿ ಪೂರ್ತಿ ಕೂರದೆ ಬಲ ಹಾಕಬೇಡಿ.

ಕೀಲಿಯ ಹಲ್ಲುಗಳು ತೆಳು. ಅರ್ಧ ಕೂತಾಗ ಜಗ್ಗಿದರೆ ಕೀಲಿ ಒಡೆಯುತ್ತದೆ, ಇಲ್ಲವೇ ಬೋಲ್ಟಿನ ಕೊರೆತ ಸವೆದು ನುಣ್ಣಗಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಮೊನಚು ತಂತಿ, ಒಂದಿಷ್ಟು ನೀರು ಹಿಡಿದು ಕೊರೆತವನ್ನು ತಳದವರೆಗೆ ಚೊಕ್ಕ ಮಾಡಿ. ಕೀಲಿ ಇಟ್ಟು ಸಣ್ಣ ಸುತ್ತಿಗೆಯಿಂದ ಎರಡು ಮೂರು ಸಲ ತಟ್ಟಿ ಕೂರಿಸಿ. ಪಾನ ನೆಟ್ಟಗೆ ಹಿಡಿಯಿರಿ, ಓರೆಯಾದರೆ ಕೀಲಿ ಜಾರುತ್ತದೆ. ಒಂದು ಕೈ ಸಾಕೆಟ್ಟಿನ ತಲೆಯನ್ನು ಒಳಗೆ ಒತ್ತಿ ಹಿಡಿದಿರಬೇಕು, ಇನ್ನೊಂದು ಕೈ ತಿರುಗಿಸಬೇಕು. ಪೈಪು ಹಾಕಿ ಪಾನದ ಉದ್ದ ಹೆಚ್ಚಿಸಬಹುದು, ಆದರೆ ಅದರ ಮೇಲೆ ಹಾರಿ ನಿಲ್ಲುವುದು ಬೇಡ. 90 ಸೆಂಟಿಮೀಟರ್ ಉದ್ದಕ್ಕೆ ಅದೇ 40 ಕೆಜಿ ಬಿಟ್ಟರೆ 350 ನ್ಯೂಟನ್ ಮೀಟರ್ ದಾಟುತ್ತದೆ. ಅಷ್ಟನ್ನು ತಡೆಯಲು ಈ ಕೀಲಿ ಹುಟ್ಟಿದ್ದಲ್ಲ. ನಿಧಾನವಾಗಿ ಏರಿಸುವ ಒತ್ತಡ ಮಾತ್ರ ಸಾಕು. ಲಾಕ್ ಕೀಲಿಗೆ ಏರ್ ಗನ್ ಯಾವತ್ತೂ ಬೇಡ, ಬಿಚ್ಚಲೂ ಬೇಡ, ಹಾಕಲೂ ಬೇಡ.

5. ಲಾಕ್ ಬೋಲ್ಟನ್ನೇ ಮೊದಲು ಬಿಚ್ಚಿ. ಉಳಿದವು ಬಿಚ್ಚಿಯಾಗಿದ್ದರೆ ಮತ್ತೆ ಬಿಗಿಯಿರಿ.

ಫೋನಿನಲ್ಲಿ ಕೇಳುವವರಿಗೆ ನಾನು ಹೇಳುವ ಮೊದಲ ಮಾತು ಇದೇ, ಎಷ್ಟೋ ಸಲ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಸುಲಭದ ನಾಲ್ಕನ್ನು ಬಿಚ್ಚಿ ಕಷ್ಟದ್ದನ್ನು ಕೊನೆಗೆ ಇಟ್ಟುಕೊಳ್ಳುವುದು ಎಲ್ಲರ ಅಭ್ಯಾಸ. ಆದರೆ ನಾಲ್ಕು ಸಡಿಲಾದ ಕೂಡಲೇ ಚಕ್ರ ಕೂದಲೆಳೆಯಷ್ಟು ಓರೆಯಾಗಿ ಉಳಿದೊಂದರ ಮೇಲೆ ಒರಗುತ್ತದೆ. ಕಾರಿನ ಭಾರವೂ ಅದರ ಮೇಲೇ ಬೀಳುತ್ತದೆ. ಕಚ್ಚಿದ್ದು ಇನ್ನಷ್ಟು ಕಚ್ಚುತ್ತದೆ.

ಆದ್ದರಿಂದ ನಾಲ್ಕನ್ನೂ ಎದುರುಬದುರಾಗಿ ಮತ್ತೆ ಹಾಕಿ, ನಿಗದಿಯ ಬಿಗಿತಕ್ಕಿಂತ ತುಸು ಹೆಚ್ಚೇ ಬಿಗಿಯಿರಿ. ಆ ನಾಲ್ಕು ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿದಾಗ ಲಾಕ್ ಬೋಲ್ಟಿನ ತಲೆಯ ಮೇಲಿನ ಎಳೆತ ಇಳಿಯುತ್ತದೆ. ಈಗ ಲಾಕ್ ಬೋಲ್ಟನ್ನು ಒಂದು ಗೆರೆಯಷ್ಟು ಬಿಗಿಯುವ ದಿಕ್ಕಿಗೆ ಒತ್ತಿ ನೋಡಿ. ತುಕ್ಕಿನ ಹಿಡಿತ ಬಿಟ್ಟರೆ ‘ಟಿಕ್’ ಎಂದೀತು. ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿ.

6. ಎಣ್ಣೆ, ಪೆಟ್ಟು, ಕಾಯುವಿಕೆ.

ಡಬ್ಲ್ಯುಡಿ-40ಯೋ ಬೇರೆ ನುಸುಳೆಣ್ಣೆಯೋ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಡೀಸೆಲ್ ಆದರೂ ಆದೀತು. ಎಲ್ಲರೂ ಬೋಲ್ಟಿನ ತಲೆಗೆ ಹೊಡೆಯುತ್ತಾರೆ. ಆದರೆ ಮರೆ ಇರುವುದು ಒಳಗೆ, ಹಬ್ಬಿನಲ್ಲಿ. ಮುಂದಿನ ಚಕ್ರವಾದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಹಿಂಬದಿಯಿಂದ ಬೋಲ್ಟಿನ ತುದಿ ಕಾಣುವ ಕಡೆ ಕೊಳವೆ ಚಾಚಿ ಎಣ್ಣೆ ಬಿಡಿ. ಬ್ರೇಕ್ ಡಿಸ್ಕಿಗೆ, ಪ್ಯಾಡಿಗೆ ಸಿಡಿದರೆ ಬ್ರೇಕ್ ಕ್ಲೀನರಿನಿಂದ ತೊಳೆಯದೆ ಗಾಡಿ ಓಡಿಸಬೇಡಿ, ಘಟ್ಟ ಇಳಿಯುವ ಊರು ನಮ್ಮದು.

ಎಣ್ಣೆ ಬಿಟ್ಟ ಮೇಲೆ ಬೋಲ್ಟಿನ ತಲೆಯ ನಡುವೆ ಕಬ್ಬಿಣದ ಸರಳಿಟ್ಟು ಸುತ್ತಿಗೆಯಿಂದ ನೇರ ಒಳಮುಖವಾಗಿ ಕೆಲವು ಪೆಟ್ಟು ಕೊಡಿ. ಕೊಟ್ಟಿಗೆಯ ಗೂಟ ಕೀಳುವ ಮೊದಲು ತಟ್ಟಿ ಸಡಿಲಿಸುತ್ತಾರಲ್ಲ, ಹಾಗೆಯೇ ಇಲ್ಲೂ ತುಕ್ಕಿನ ಪದರ ಬಿರುಕು ಬಿಡುತ್ತದೆ. ಆ ಬಿರುಕಿಗೆ ಎಣ್ಣೆ ಇಳಿಯಲು ಸಮಯ ಬೇಕು. ಗ್ಯಾರೇಜಿಗೆ ಬಂದ ಗಾಡಿಗೆ ಸಂಜೆ ಎಣ್ಣೆ ಬಿಟ್ಟು ಬೆಳಿಗ್ಗೆ ಕೈ ಹಾಕುವುದು ನನಗೆ ಇಷ್ಟ. ಮಾಲೀಕರಿಗೆ ಇದು ವಿಳಂಬ ಅನಿಸುತ್ತದೆ, ಆದರೆ ಹಬ್ಬಿನ ಖರ್ಚು ಉಳಿಯುವುದು ಈ ರಾತ್ರಿಯಲ್ಲೇ.

7. ಕೀಲಿ ಇಲ್ಲವೇ ಇಲ್ಲ ಎಂದಾದರೆ ಸಾಕೆಟ್ಟನ್ನು ಬಲಿ ಕೊಡಿ.

ಬೋಲ್ಟಿನ ತಲೆಯ ಹೊರಸುತ್ತು ದುಂಡಗೆ, ಹಿಡಿತಕ್ಕೆ ಸಿಗುವಂತಿದ್ದರೆ ಇದೇ ಒಳ್ಳೆಯ ದಾರಿ. ಹನ್ನೆರಡು ಹಲ್ಲಿನ, ದಪ್ಪ ಗೋಡೆಯ ಹಳೆಯ ಸಾಕೆಟ್ ಹುಡುಕಿ. ತಲೆಯ ಮೇಲೆ ಇಟ್ಟರೆ ತಾನಾಗಿ ಕೂರಬಾರದು, ಹೊಡೆದರೆ ಮಾತ್ರ ಇಳಿಯಬೇಕು, ಅದು ಸರಿಯಾದ ಅಳತೆ. ಹೊಡೆದು ಇಳಿಸುವಾಗ ಹಲ್ಲುಗಳು ಬೋಲ್ಟಿನ ತಲೆಯಲ್ಲಿ ತಮ್ಮದೇ ಗೆರೆ ಕೊರೆದುಕೊಳ್ಳುತ್ತವೆ. ಈ ಕೆಲಸಕ್ಕೆಂದೇ ಎಡಸುರುಳಿ ಹಲ್ಲಿನ ಸಾಕೆಟ್ ಸೆಟ್ ಸಿಗುತ್ತದೆ, ಬಿಚ್ಚುವ ದಿಕ್ಕಿಗೆ ತಿರುಗಿಸಿದಷ್ಟೂ ಅದು ಬಿಗಿಯಾಗಿ ಕಚ್ಚುತ್ತದೆ. ಗ್ಯಾರೇಜ್ ನಡೆಸುವವರು ಒಂದು ಸೆಟ್ ಕೊಂಡಿಟ್ಟುಕೊಳ್ಳಲೇಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ: ಕ್ರೋಮ್ ಸಾಕೆಟ್ಟಿಗೆ ಸುತ್ತಿಗೆ ಬಿದ್ದಾಗ ಚೂರು ಸಿಡಿಯುತ್ತದೆ. ಅಲಾಯ್ ಗೀಚದಂತೆ ಗುಳಿಯ ಸುತ್ತ ದಪ್ಪ ಟೇಪು ಹಚ್ಚಿ.

ಕೆಲವು ಲಾಕ್‌ಗಳ ತಲೆಯ ಸುತ್ತ ಸುಮ್ಮನೆ ಗಿರಗಿರ ತಿರುಗುವ ಉಂಗುರ ಇರುತ್ತದೆ. ಸಾಕೆಟ್ ಅದನ್ನು ಹಿಡಿದರೆ ಉಂಗುರವಷ್ಟೇ ತಿರುಗುತ್ತದೆ. ಮೊದಲು ಉಂಗುರವನ್ನು ಚಾಣದಿಂದ ಸೀಳಿ ತೆಗೆಯಬೇಕು. ಇದು ರಸ್ತೆ ಬದಿಯಲ್ಲಿ ಆಗುವ ಕೆಲಸವಲ್ಲ.

8. ಅಲಾಯ್‌ಗೆ ಬೆಂಕಿ ಹಿಡಿಯಬೇಡಿ.

ಲಾರಿಯ ಕಬ್ಬಿಣದ ಚಕ್ರಕ್ಕೆ ಗ್ಯಾಸ್ ಕಟ್ಟರ್ ಹಿಡಿದು ಅಭ್ಯಾಸವಿದ್ದವರು ಇಲ್ಲೂ ಹಿಡಿಯಲು ಹೋಗುತ್ತಾರೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ಬಹಳ ಮೊದಲೇ ಚಕ್ರದ ಗಟ್ಟಿತನ ಹೋಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಬಿಸಿ ಬೇಕೇ ಬೇಕಾದರೆ ಬೋಲ್ಟಿನ ತಲೆಗೆ ನಟ್ಟೊಂದನ್ನು ವೆಲ್ಡ್ ಮಾಡುವುದು ಮೇಲು, ಬಿಸಿ ಬೋಲ್ಟಿಗೇ ಇಳಿಯುತ್ತದೆ, ತಿರುಗಿಸಲು ಆರು ಮೂಲೆಯೂ ಸಿಗುತ್ತದೆ. ಬ್ಯಾಟರಿಯ ತಂತಿ ಕಳಚಿಟ್ಟು, ಅರ್ಥಿಂಗ್ ಹಿಡಿಕೆಯನ್ನು ಆದಷ್ಟು ಅದೇ ಚಕ್ರಕ್ಕೆ ಕಚ್ಚಿಸಿ. ದೂರ ಬಾಡಿಗೆ ಕಚ್ಚಿಸಿದರೆ ಕರೆಂಟು ಬೇರಿಂಗಿನ ಮೂಲಕ ಹಾಯ್ದು ಅದನ್ನು ಸುಡುತ್ತದೆ.

9. ಡ್ರಿಲ್ ಕೊನೆಯ ದಾರಿ, ಆದರೆ ಹೆದರುವಂಥದ್ದಲ್ಲ.

ಲಾಕ್ ಬೋಲ್ಟಿನ ಉಕ್ಕು ಗಟ್ಟಿ, ಕೋಬಾಲ್ಟ್ ಬಿಟ್ ಬೇಕು. ನಡುಬಿಂದು ಗುದ್ದಿ, ಕಡಿಮೆ ವೇಗದಲ್ಲಿ, ಎಣ್ಣೆ ಹಾಕುತ್ತಾ ಸಣ್ಣ ಬಿಟ್‌ನಿಂದ ದೊಡ್ಡದಕ್ಕೆ ಹೋಗಿ. ಎಡಕ್ಕೆ ತಿರುಗುವ ಬಿಟ್ ಇದ್ದರೆ ಕೊರೆಯುತ್ತಿರುವಾಗಲೇ ಬೋಲ್ಟು ಹೊರಬರುವುದೂ ಉಂಟು. ತಲೆ ಕಳಚಿದ ಕೂಡಲೇ ಎಳೆತ ಮುಗಿದಂತೆ. ಉಳಿದ ನಾಲ್ಕನ್ನು ಬಿಚ್ಚಿ ಚಕ್ರ ತೆಗೆದರೆ ಮೊಂಡು ತುದಿ ಹೊರಗೆ ಚಾಚಿರುತ್ತದೆ, ಗ್ರಿಪ್ ಪ್ಲೈಯರ್‌ನಿಂದ ಹೆಚ್ಚಾಗಿ ಸಲೀಸಾಗಿ ತಿರುಗುತ್ತದೆ.

10. ಎಲ್ಲಾ ಬೋಲ್ಟು ಬಂದರೂ ಚಕ್ರ ಬರದಿರಬಹುದು.

ಅಲ್ಯೂಮಿನಿಯಂ, ಕಬ್ಬಿಣ, ನೀರು ಮೂರೂ ಸೇರಿದಲ್ಲಿ ತುಕ್ಕು ಬೇಗ ಬೆಳೆದು ಚಕ್ರ ಹಬ್ಬಿನ ನಡುಮೂತಿಗೆ ಅಂಟುತ್ತದೆ. ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಟೈರಿನ ಒಳಬದಿಗೆ ಮರದ ತುಂಡು ಕೊಟ್ಟು ಅತ್ತ ಇತ್ತ ಹೊಡೆಯಿರಿ. ರಿಮ್ಮಿಗೆ ಹೊಡೆಯಬೇಡಿ. ಬಂದ ಮೇಲೆ ಹಬ್ಬಿನ ಮೂತಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತೆಳ್ಳಗೆ ತಾಮ್ರದ ಗ್ರೀಸ್ ಸವರಿ. ಬೋಲ್ಟಿನ ಮರೆಗೆ, ತಲೆ ಕೂರುವ ಜಾಗಕ್ಕೆ ಗ್ರೀಸ್ ಬೇಡ: ಬಿಗಿತದ ಅಂಕಿಗಳೆಲ್ಲ ಒಣ ಮರೆಯ ಲೆಕ್ಕದವು.

11. ಬಿಚ್ಚಿದ ಲಾಕ್ ಬೋಲ್ಟನ್ನು ಮತ್ತೆ ಹಾಕಬೇಡಿ.

ಅಲಾಯ್ ಕದಿಯುವ ಭಯ ದೊಡ್ಡ ಊರಿನ ಬೀದಿಯಲ್ಲಿ ಗಾಡಿ ನಿಲ್ಲಿಸುವವರದ್ದು. ನಮ್ಮ ಕಡೆ ಕಾರು ಮನೆಯಂಗಳದಲ್ಲಿ, ಅಡಿಕೆ ಅಂಗಳದ ಪಕ್ಕದಲ್ಲಿ ನಿಲ್ಲುತ್ತದೆ. ಇಲ್ಲಿ ಲಾಕ್‌ನಿಂದ ಲಾಭಕ್ಕಿಂತ ಪೇಚೇ ಜಾಸ್ತಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ಕು ಚಕ್ರಕ್ಕೂ ಮಾಮೂಲಿ ಬೋಲ್ಟು ಹಾಕಿಸಿ. ಹೊಸ ಬೋಲ್ಟಿನ ಮರೆ, ಉದ್ದ ಹಳೆಯದರಂತೆಯೇ ಇರಬೇಕು, ತಲೆಯ ಕೆಳಭಾಗದ ಆಕಾರವೂ ಅಷ್ಟೇ ಮುಖ್ಯ. ಫೋಕ್ಸ್‌ವ್ಯಾಗನ್‌ನ ಮೂಲ ಚಕ್ರಕ್ಕೆ ಗುಂಡಗಿನ ಕೂರುಭಾಗ, ಹೊರಗೆ ಕೊಂಡ ಎಷ್ಟೋ ಅಲಾಯ್‌ಗಳಿಗೆ ಶಂಕುವಿನ ಆಕಾರದ್ದು. ಇವು ಅದಲುಬದಲಾದರೆ ಅಂಚಷ್ಟೇ ತಾಗಿ ಕೂತು, ದಾರಿಯಲ್ಲಿ ಸಡಿಲಾಗುತ್ತದೆ.

ಮೊದಲ ಕೆಲವು ಸುತ್ತು ಕೈಯಲ್ಲೇ ತಿರುಗಿಸಿ, ಎದುರುಬದುರಾಗಿ ಬಿಗಿದು, ಕೊನೆಗೆ ಟಾರ್ಕ್ ಪಾನದಿಂದ ಅಂಕಿಗೆ ನಿಲ್ಲಿಸಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ಪಾನ ಹಿಡಿದು ನೋಡಬೇಕು. ಟೈರು ಅಂಗಡಿಗೆ ಹೋದಾಗ ಗಾಡಿಯ ಪಕ್ಕದಲ್ಲೇ ನಿಂತು, ಕೊನೆಯ ಬಿಗಿತವನ್ನು ಗನ್ ಬದಲು ಕೈಯಲ್ಲಿ ಮಾಡಿಸಿಕೊಳ್ಳಿ. ಕೇಳಿದರೆ ಮಾಡಿಕೊಡುತ್ತಾರೆ.