ಇದು ದನದ ಕಾಲುಬಾಯಿ ಜ್ವರವಲ್ಲ

ಇಂಗ್ಲೆಂಡಿಗೆ ಬಂದ ಹೊಸತು. ಮಗನನ್ನು ನರ್ಸರಿಗೆ ಸೇರಿಸಿ ಮೂರು ವಾರವಾಗಿತ್ತಷ್ಟೇ, ಫೋನ್ ಬಂತು: ‘ಹ್ಯಾಂಡ್, ಫುಟ್ ಅಂಡ್ ಮೌತ್’ ಇರಬಹುದು, ಬಂದು ಕರೆದುಕೊಂಡು ಹೋಗಿ. ಊರಲ್ಲಿದ್ದ ಅತ್ತೆಗೆ ಅದನ್ನೇ ಕನ್ನಡದಲ್ಲಿ ಹೇಳಿದೆ. “ಕಾಲುಬಾಯಿ ಜ್ವರವಾ? ಅದು ದನಕ್ಕೆ ಬರೋದಲ್ವೇನಮ್ಮಾ!” ಎಂದು ಗಾಬರಿಬಿದ್ದರು. ಹೆಸರಷ್ಟೇ ಹತ್ತಿರ, ವೈರಸ್ಸೇ ಬೇರೆ. ಮಕ್ಕಳಿಗೆ ಬರುವುದು ಹೆಚ್ಚಾಗಿ ಕಾಕ್ಸಾಕಿ ವೈರಸ್‌ನಿಂದ. ದನಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೊದಲು ಜ್ವರ, ಗಂಟಲು ನೋವು, ಊಟ ಬೇಡವೆಂಬ ರಂಪ. ಹಠವೆಂದು ನಾನು ಗದರಿಯೂ ಇದ್ದೆ. ಒಂದೆರಡು ದಿನದಲ್ಲಿ ನಾಲಗೆ ಮೇಲೆ, ಕೆನ್ನೆಯ ಒಳಗೆ ಹುಣ್ಣು. ಆಮೇಲೆ ಅಂಗೈ, ಅಂಗಾಲಲ್ಲಿ ಗುಳ್ಳೆ. ಕೆಲವರಿಗೆ ಕುಂಡಿಯ ಮೇಲೂ ಏಳುತ್ತವೆ. ಚಿತ್ರಗಳಲ್ಲಿ ಕೆಂಪಗೆ ಕಾಣುವ ಈ ಗುಳ್ಳೆ ನಮ್ಮ ಮಕ್ಕಳ ಮೈಬಣ್ಣದಲ್ಲಿ ಕಪ್ಪು ಚುಕ್ಕೆಯಂತಿದ್ದು ಕಣ್ತಪ್ಪಬಹುದು. ಅಂಗಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನಾವು ‘ಅಮ್ಮ’ ಎನ್ನುವ ಚಿಕನ್‌ಪಾಕ್ಸ್ ಆದರೆ ಎದೆ, ಬೆನ್ನು, ಮುಖದಲ್ಲೇ ಜಾಸ್ತಿ, ತುರಿಕೆಯೂ ವಿಪರೀತ.

ಗುಳ್ಳೆ ಎಣಿಸುತ್ತಾ ಕೂರಬೇಡಿ, ಮಗು ಎಷ್ಟು ಕುಡಿಯಿತು ಎಂದು ನೋಡಿ. ಬಾಯಿ ಉರಿಗೆ ನೀರೂ ಬೇಡವೆನ್ನುತ್ತದೆ. ಖಾರದ ಸಾರು, ಕಿತ್ತಳೆ ರಸ ದೂರವಿಡಿ. ಒಗ್ಗರಣೆಯಿಲ್ಲದ ಮೊಸರನ್ನ, ಆರಿದ ರಾಗಿ ಅಂಬಲಿ ಇಳಿಯುತ್ತದೆ. ನಮ್ಮವನು ಎರಡು ದಿನ ತಳ್ಳಿದ್ದು ಫ್ರಿಜ್ಜಿನ ಮಜ್ಜಿಗೆಯಲ್ಲೇ, ಚಮಚ ಚಮಚವಾಗಿ. ಜ್ವರಕ್ಕೆ ವಯಸ್ಸಿಗೆ ತಕ್ಕ ಪ್ಯಾರಾಸಿಟಮಾಲ್ ಸಾಕು. ಊರಿಂದ ತಂದ ಔಷಧಿ ಡಬ್ಬಿಯಲ್ಲಿ ಆಸ್ಪಿರಿನ್ ಇದ್ದರೆ 16 ವರ್ಷದೊಳಗಿನವರಿಗೆ ಬೇಡ. ಆಂಟಿಬಯಾಟಿಕ್ ಇದಕ್ಕೆ ನಾಟುವುದೇ ಇಲ್ಲ.

ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ತಾನಾಗಿ ಇಳಿಯುತ್ತದೆ. ಡೈಪರ್ ಒಣಗಿಯೇ ಇದ್ದರೆ, ಜ್ವರ ಬಿಡದಿದ್ದರೆ ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ದುಭಾಷಿ ಬೇಕೆಂದು ಕೇಳಬಹುದು, ಸಂಕೋಚ ಬೇಡ. ಕತ್ತು ಬಿಗಿದು, ಎಬ್ಬಿಸಿದರೂ ಏಳದೆ ಮಂಪರಾದರೆ ತುರ್ತು ಸಂಖ್ಯೆ 999. ಮನೆಯಲ್ಲಿ ಬಸುರಿ ಇದ್ದು ಅವರಿಗೂ ಅಂಟಿದರೆ ಜಿ.ಪಿ. ವೈದ್ಯರಿಗೆ ತಿಳಿಸಿ. ಮಗು ಲವಲವಿಕೆಯಿಂದಿದ್ದರೆ ನರ್ಸರಿಗೆ ಕಳಿಸಬಹುದೆಂದು ಇಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ, ಆದರೂ ನರ್ಸರಿಯವರನ್ನು ಒಂದು ಮಾತು ಕೇಳಿ. ಮಲದಲ್ಲಿ ವೈರಸ್ ವಾರಗಟ್ಟಲೆ ಇರುತ್ತದೆ. ಡೈಪರ್ ಬದಲಿಸಿದಾಗಲೆಲ್ಲ ಸೋಪು ಹಾಕಿ ಕೈ ತೊಳೆಯಿರಿ.

ಎಲ್ಲ ಮುಗಿದು ತಿಂಗಳಾದ ಮೇಲೆ ಮಗನ ಹೆಬ್ಬೆರಳ ಉಗುರು ಸಿಪ್ಪೆಯಂತೆ ಕಳಚಿ ಬಂತು. ಇದೂ ಆ ಕಾಯಿಲೆಯದೇ ಬಾಲವಂತೆ. ಕೆಳಗೆ ಹೊಸ ಉಗುರು ಆಗಲೇ ಅರ್ಧ ಬೆಳೆದಿತ್ತು.